ಹಳದಿ ಅಂಚು ಬೇಕಿದ್ದರೆ ಎಲೆ ನೆಡಬೇಡಿ

ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ಪಕ್ಕದ ಮನೆಯಿಂದ ಕೇಳಿ ತಂದು, ತುಂಡು ಮಾಡಿ ನೆಟ್ಟು, ತಿಂಗಳುಗಟ್ಟಲೆ ಕಾದು, ಕೊನೆಗೆ ಬಂದ ಮರಿ ಬರೀ ಹಸಿರು ಅಂತ ಬೇಸರಪಟ್ಟವರು ನಮ್ಮ ಕೊಡಗಿನಲ್ಲಿ ಬೇಕಾದಷ್ಟು ಮಂದಿ. ಎಲೆ ಕೊಟ್ಟವರು ಮೋಸ ಮಾಡಿಲ್ಲ. ‘ಲಾರೆಂಟಿ’ ಎಂಬ ಈ ತಳಿಯ ಎಲೆಯಲ್ಲಿ ಹಳದಿ, ಹಸಿರು ಎರಡು ಬಗೆಯ ಜೀವಕೋಶಗಳ ಪದರಗಳಿರುತ್ತವೆ. ತುಂಡಿನಿಂದ ಹುಟ್ಟುವ ಮರಿ ಸಾಮಾನ್ಯವಾಗಿ ಹಸಿರು ಕೋಶಗಳಿಂದಲೇ ಮೂಡುವುದರಿಂದ ಅಂಚು ಮಾಯ. ಮನೆಯಲ್ಲಿ ಮಾಡುವವರಿಗೆ ಗೆಡ್ಡೆ ಸಮೇತ ಮರಿ ಬೇರ್ಪಡಿಸುವುದೊಂದೇ ದಾರಿ.

ಕಾಫಿಗೆ ಹೂಮಳೆ ಬಿದ್ದ ಮೇಲೆ, ಜೂನ್ ಮಳೆ ಹಿಡಿಯುವ ಮುಂಚೆ ಈ ಕೆಲಸಕ್ಕೆ ಕೈ ಹಾಕಿ. ವಾರ ಮುಂಚಿನಿಂದಲೇ ನೀರು ನಿಲ್ಲಿಸಿದರೆ ಮಣ್ಣು ಸಲೀಸಾಗಿ ಉದುರುತ್ತದೆ. ಕುಂಡ ಮಗ್ಗುಲಾಗಿಸಿ ಸುತ್ತಲೂ ತಟ್ಟಿ, ಬುಡ ಹಿಡಿದು ಎಳೆಯಿರಿ. ಎಲೆ ಹಿಡಿದು ಜಗ್ಗಬೇಡಿ. ಗೆಡ್ಡೆ ಒತ್ತಿ ಪ್ಲಾಸ್ಟಿಕ್ ಕುಂಡ ಉಬ್ಬಿದ್ದರೆ ಕುಂಡವನ್ನೇ ಕತ್ತರಿಸಿ, ಹೋದರೆ ಹೋಯಿತು. ಮಣ್ಣು ಕೊಡವಿದರೆ ಕಿತ್ತಳೆ ಛಾಯೆಯ, ಶುಂಠಿಯ ಹಾಗೆ ಅಡ್ಡ ಮಲಗಿದ ಗೆಡ್ಡೆ ಕಾಣುತ್ತದೆ.

ಸ್ವಂತ ಬೇರು, ಕನಿಷ್ಠ ಎರಡು ಮೂರು ಎಲೆ ಇರುವ ಮರಿಯನ್ನೇ ಆರಿಸಿ. ಸ್ಪಿರಿಟ್ ಹಚ್ಚಿ ಒರೆಸಿದ ಹರಿತವಾದ ಚಾಕುವಿನಿಂದ, ಜಜ್ಜದಂತೆ ಕೊಯ್ಯಿರಿ. ಕೊಯ್ದ ಜಾಗಕ್ಕೆ ಇದ್ದಿಲ ಪುಡಿ ಹಚ್ಚಿ, ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಸುಮ್ಮನೆ ಬಿಡಿ. ಅವಸರದವರು ಬಿಟ್ಟುಬಿಡುವುದು ಇದನ್ನೇ. ಹಸಿ ಗಾಯಕ್ಕೆ ಒದ್ದೆ ಮಣ್ಣು ತಾಗಿತೆಂದರೆ ಕೊಳೆ ಹತ್ತಿತೆಂದೇ ಲೆಕ್ಕ. ನೆಟ್ಟ ಮೇಲೂ ಒಂದು ವಾರ ನೀರು ತೋರಿಸಬೇಡಿ. ಗುಂಪಿನಲ್ಲಿ ಪೂರ್ತಿ ಹಸಿರು ಮರಿ ಕಂಡರೆ ಬೇರೆ ಕುಂಡಕ್ಕೆ ಸಾಗಿಸಿ. ಅದು ಬೇಗ ಬೆಳೆದು ಹಳದಿಯದನ್ನು ಮೂಲೆಗೆ ತಳ್ಳುತ್ತದೆ.

ತೋಟದ ಮಣ್ಣು, ದಪ್ಪ ಮರಳು, ಇದ್ದಿಲ ಚೂರು ಸಮಸಮ ಬೆರೆಸಿದರಾಯಿತು. ಕಾಫಿ ಗಿಡದಡಿಯ ಕಪ್ಪು ಎಲೆಗೊಬ್ಬರ ಒಂದು ಹಿಡಿ ಮೀರಬಾರದು. ಬರೀ ಕೊಕೊಪೀಟ್ ತುಂಬಿಸುವ ಅಡ್ಡದಾರಿ ಬಯಲುಸೀಮೆಯವರಿಗಿರಲಿ, ನಮ್ಮ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅದು ಒಣಗುವುದೇ ಇಲ್ಲ. ತೂತಿಲ್ಲದ ಪಿಂಗಾಣಿ ಕುಂಡ ಯಾರಾದರೂ ಉಡುಗೊರೆ ಕೊಟ್ಟರೆ ಅದರಲ್ಲಿ ಪೆನ್ನು ಇಟ್ಟುಕೊಳ್ಳಿ. ಗಿಡಕ್ಕೆ ಮಣ್ಣಿನ ಕುಂಡವೇ ಸರಿ.

ಪಶ್ಚಿಮ ಆಫ್ರಿಕಾ ಮೂಲದ ಈ ಗಿಡ ಎಲೆ, ಗೆಡ್ಡೆಗಳಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಬೆರಳು ಇಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಿರುವಾಗ ತಿಂಗಳಿಗೊಮ್ಮೆ ಕೊಟ್ಟರೂ ಹೆಚ್ಚಾದೀತು. ಜಗಲಿಯಲ್ಲಿಟ್ಟಿದ್ದರೆ ಹಂಚಿನ ನೀರು ಸಿಡಿಯದಷ್ಟು ಒಳಗೆ ಸರಿಸಿ, ಸುಳಿಯಲ್ಲಿ ನೀರು ನಿಲ್ಲಬಾರದು. ಮನೆಯೊಳಗಾದರೆ ಪೂರ್ವದ ಕಿಟಕಿ.

ಎಲೆ ಹೊಳಪಿಗೆಂದು ಮಾರುವ ಸ್ಪ್ರೇ ದುಡ್ಡಿಗೆ ದಂಡ, ಒದ್ದೆ ಬಟ್ಟೆ ಸಾಕು. ಗಾಳಿ ಶುದ್ಧ ಮಾಡುತ್ತದೆಂದು ಹೆಚ್ಚು ಬೆಲೆ ಹೇಳಿದರೆ ನಂಬಬೇಡಿ: ಎಲ್ಲರೂ ಉದಾಹರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ, ಕಿಟಕಿ ಬಾಗಿಲಿರುವ ಮನೆಯಲ್ಲಲ್ಲ. ನಾಯಿ, ಬೆಕ್ಕು ಇದರ ಎಲೆ ತಿಂದರೆ ವಾಂತಿ ಭೇದಿ ಆಗುತ್ತದೆ, ಅವು ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.