ಮೊಸರು, ಬಾಳೆಹಣ್ಣಿನ ತಣ್ಣನೆಯ ತಿನಿಸು

ಅರ್ಧ ಲೀಟರ್ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೆ ಜರಡಿಯ ಮೇಲೆ 4 ಗಂಟೆ ಇಟ್ಟರೆ ನೀರು ಬಸಿದು ಬೆಣ್ಣೆಯಂತಹ ಗಟ್ಟಿ ಮೊಸರು ಉಳಿಯುತ್ತದೆ. ಈ ಕೆಲಸಕ್ಕೆ ಬೇಸರಪಟ್ಟರೆ ಉಳಿದ ನೀರು ಹರಳುಗಟ್ಟಿ, ತಿನ್ನುವಾಗ ಐಸು ಕಡಿದಂತಾಗುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಂಜನಗೂಡು ರಸಬಾಳೆ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಏಲಕ್ಕಿ ಬಾಳೆಯೂ ಆದೀತು, ಏಕೆಂದರೆ ಅಷ್ಟು ಕಳಿತ ಹಣ್ಣಿಗೆ ಸಕ್ಕರೆ ಬೇಕಾಗುವುದಿಲ್ಲ. ಮೂರು ಹಣ್ಣುಗಳನ್ನು ನುಣ್ಣಗೆ ಕಿವುಚಿ ಮೊಸರಿಗೆ ಬೆರೆಸಿ, ಬೆಣ್ಣೆಕಾಗದ ಹಾಸಿದ ತಟ್ಟೆಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಹರಡಿ, ಮೇಲೆ ದಾಳಿಂಬೆ ಕಾಳುಗಳನ್ನು ಉದುರಿಸಿ ಫ್ರೀಜರಿನಲ್ಲಿ 4 ಗಂಟೆ ಇಡಬೇಕು. ಜೇನುತುಪ್ಪ ಬೇಕೆನಿಸಿದರೆ ಒಂದು ಚಮಚ ಸೇರಿಸಬಹುದು, ಆದರೆ 1 ವರ್ಷ ತುಂಬದ ಕೂಸಿಗೆ ಅದನ್ನು ಕೊಡಬಾರದು. ಮುರಿದ ತುಂಡುಗಳು ಬೇಗ ಕರಗುವುದರಿಂದ ತಿನ್ನುವಷ್ಟನ್ನೇ ಹೊರತೆಗೆಯಿರಿ.