ಮೊದಲು ತಿದ್ದಬೇಕಾಗಿದ್ದು ನನ್ನ ಅಂಕಪಟ್ಟಿ

ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ನನ್ನ ತರಗತಿಯ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಎಸ್‌ಎಸ್‌ಎಲ್‌ಸಿ ನಕಲಿನ ಮಾತು ಬಂದಾಗಲೆಲ್ಲ ನಾವು ಮೇಷ್ಟ್ರುಗಳು ಮಕ್ಕಳನ್ನು ದೂರುತ್ತೇವೆ. ನನ್ನ ತರಗತಿಯಲ್ಲಿ ಅದು ಶುರುವಾಗಿದ್ದು ನನ್ನ ಕೈಯಿಂದಲೇ.

ಗಣಿತದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ನನ್ನ ಕೈಯಲ್ಲಿತ್ತು. ವರ್ಷಗಟ್ಟಲೆ ಎಲ್ಲರಿಗೂ 18, 19 ತುಂಬಿದೆ. ಯೋಜನಾ ಕಾರ್ಯವೆಂದು ಮಕ್ಕಳು ತರುತ್ತಿದ್ದುದು ಜೆರಾಕ್ಸ್ ಅಂಗಡಿಯವನು ಮುದ್ರಿಸಿಕೊಟ್ಟ ಒಂದೇ ಬಗೆಯ ಹಾಳೆಗಳನ್ನು. ಓದದೆ ಸಹಿ ಹಾಕುತ್ತಿದ್ದೆ. ಬಡವರ ಮಕ್ಕಳು ಪಾಸಾಗಲಿ ಎಂಬುದು ನನ್ನ ಸಮಾಧಾನ. ಬೇರೆ ಕೇಂದ್ರಗಳಲ್ಲಿ ಕೊಠಡಿ ಮೇಲ್ವಿಚಾರಕನಾಗಿದ್ದಾಗ, ಕೊನೆಯ ಅರ್ಧ ಗಂಟೆಯಲ್ಲಿ ಬೆಂಚಿನಿಂದ ಬೆಂಚಿಗೆ ಒಂದು ಅಂಕದ ಉತ್ತರಗಳು ಹರಿದಾಡುತ್ತಿದ್ದರೆ ಕಿಟಕಿಯತ್ತ ತಿರುಗಿ ನಿಂತದ್ದೂ ಉಂಟು.

2023ರ ಜೂನ್‌ನಲ್ಲಿ ಆ 20 ಅಂಕಗಳಿಂದಲೇ ಶುರು ಮಾಡಿದೆ. ಮುದ್ರಿತ ಹಾಳೆ ಬೇಡ, ಸ್ವಂತ ಕೈಬರಹ ಬೇಕು, ಬರೆದವರು ಕಪ್ಪು ಹಲಗೆಯ ಮುಂದೆ ನಿಂತು ನನ್ನ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು ಎಂದೆ. ನಿಮ್ಮ ತರಗತಿಯ ಫಲಿತಾಂಶ ಬೀಳುತ್ತದೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದರು. ಅವರ ಭಯ ಸುಳ್ಳಲ್ಲ. ಫಲಿತಾಂಶ ಕುಸಿದರೆ ಮೊದಲು ಉತ್ತರ ಕೊಡಬೇಕಾದವನು ವಿಷಯ ಶಿಕ್ಷಕ.

ಆಗ ಒಬ್ಬ ಹುಡುಗ ಸಮಾಂತರ ಶ್ರೇಢಿಯ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ) ಯೋಜನಾ ಕಾರ್ಯಕ್ಕೆ ತನ್ನ ತಂದೆಯ ಆಟೊ ಮೀಟರನ್ನೇ ಆರಿಸಿಕೊಂಡ. ಬೆಂಗಳೂರಿನಲ್ಲಿ ಆಗ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 15. ಮೊದಲ ಪದ 30, ಸಾಮಾನ್ಯ ವ್ಯತ್ಯಾಸ 15 ಎಂದು ಬರೆದು, ಹತ್ತು ಕಿಲೋಮೀಟರಿಗೆ ಹತ್ತನೆಯ ಪದ ತೆಗೆದು 165 ರೂಪಾಯಿ ಎಂದ. ಸಂಜೆ ತಂದೆ ಒಪ್ಪಲಿಲ್ಲವಂತೆ: 'ನಾನು 150 ತಾನೇ ತೆಗೆದುಕೊಳ್ಳುವುದು!' ಮರುದಿನ ತಪ್ಪನ್ನು ಅವನೇ ಹಿಡಿದುಕೊಂಡು ಬಂದ. ಮೊದಲ ಪದದಲ್ಲೇ ಎರಡು ಕಿಲೋಮೀಟರ್ ಮುಗಿದಿರುವುದರಿಂದ ಬೇಕಾದದ್ದು ಒಂಬತ್ತನೆಯ ಪದ. ಹಾಳೆಯ ತುಂಬ ಹೊಡೆದುಹಾಕಿದ ಗೆರೆಗಳಿದ್ದವು. ಹದಿನೈದು ವರ್ಷಗಳ ನೌಕರಿಯಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಹಾಳೆಗೂ ಸಹಿ ಹಾಕಿರಲಿಲ್ಲ.

ಲಿಖಿತ ಪರೀಕ್ಷೆಗೆ ಮಾಡಿಸಿದ ಅಭ್ಯಾಸ ಒಂದೇ. ದಿನದ ಕೊನೆಯ 15 ನಿಮಿಷ ಒಂದೇ ಲೆಕ್ಕ, ಪುಸ್ತಕ ಮುಚ್ಚಿ, ದೂರ ದೂರ ಕುಳಿತು. ಗೊತ್ತಿರುವಷ್ಟು ಬರೆಯಬೇಕು, ತೋಚದೆ ನಿಂತ ಜಾಗದಲ್ಲಿ 'ಇಲ್ಲಿ ಸಿಕ್ಕಿಕೊಂಡೆ' ಎಂದು ಗುರುತು ಹಾಕಬೇಕು. ಮೌಲ್ಯಮಾಪನದಲ್ಲಿ ಹಂತ ಹಂತಕ್ಕೂ ಅಂಕವಿದೆ ಎಂದು ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ನಕ್ಷೆಯ ಲೆಕ್ಕದಲ್ಲಿ ಬೆಲೆಗಳ ಕೋಷ್ಟಕ ಸರಿಯಿದ್ದರೆ ಅಷ್ಟಕ್ಕೆ ಅಂಕ, ಸರಳರೇಖೆ ತಪ್ಪಿದರೂ ಆ ಅಂಕ ಹೋಗುವುದಿಲ್ಲ ಎಂದು ಅವರದೇ ಹಾಳೆಯ ಮೇಲೆ ಹಾಕಿ ತೋರಿಸಿದೆ. ಪಕ್ಕದವರಿಂದ ಬರೀ ಕೊನೆಯ ಉತ್ತರ ಎತ್ತಿಕೊಂಡವರಿಗೆ ಎಷ್ಟು ಸಿಗುತ್ತದೆ ಎಂಬುದನ್ನೂ ತೋರಿಸಿದೆ. ರಾತ್ರಿ ನಲವತ್ತು ಹಾಳೆ ತಿದ್ದುವುದು ಸುಲಭವಿರಲಿಲ್ಲ. ಆದರೆ ನನ್ನ ಕೆಂಪು ಶಾಯಿ ಆ ಗುರುತಿನ ಹತ್ತಿರವೇ ಇರಬೇಕಿತ್ತು. ಇಲ್ಲದಿದ್ದರೆ ಮರುದಿನ ಅವರು ಅದನ್ನು ಬರೆಯುವುದನ್ನೇ ಬಿಡುತ್ತಿದ್ದರು.

2024ರ ಮಾರ್ಚ್‌ನಲ್ಲಿ ಮಲ್ಲೇಶ್ವರದ ಪರೀಕ್ಷಾ ಮಂಡಳಿ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಗಳ ಮೇಲೆ ಕ್ಯಾಮೆರಾದ ನೇರ ನಿಗಾ ತಂದಿತು. ಕ್ಯಾಮೆರಾ ಎಂದೊಡನೆ ಎಲ್ಲೆಡೆ ಆತಂಕ. ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬ ಹುಡುಗ ಕರೆ ಮಾಡಿ, ನಾಳೆಯ ಪ್ರಶ್ನೆಪತ್ರಿಕೆ ಎಂಬ ಫೋಟೊ ಮೊಬೈಲಿಗೆ ಬಂದಿದೆ, ನೋಡಲೇ ಎಂದು ಕೇಳಿದ. ಬೇಡ, ಫೋನ್ ಅಮ್ಮನ ಕೈಗೆ ಕೊಟ್ಟು ಮಲಗು ಎಂದೆ. ಅವನು ಕೇಳಿದನಲ್ಲ, ನನಗೆ ಅದು ದೊಡ್ಡದು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಹಿಂದಿನ ವರ್ಷ 83.89ರಷ್ಟಿದ್ದ ರಾಜ್ಯದ ಶೇಕಡಾವಾರು, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿದಿತ್ತು. ಇಷ್ಟು ವರ್ಷ ಆ ಅಂತರವನ್ನು ತುಂಬಿದವರಲ್ಲಿ ನಾನೂ ಒಬ್ಬ ಎಂದು ಅನಿಸಿ ಅಂದು ಊಟ ಸೇರಲಿಲ್ಲ. ನನ್ನ ತರಗತಿಯಲ್ಲಿ ನಾಲ್ವರು ಗಣಿತದಲ್ಲಿ ಅನುತ್ತೀರ್ಣರಾದರು. ಹಳೆಯ ಲೆಕ್ಕದಲ್ಲಿ 19 ತುಂಬಿದ್ದರೆ ಅವರಲ್ಲಿ ಕೆಲವರಾದರೂ ದಾಟುತ್ತಿದ್ದರೇನೋ. ಆ ಯೋಚನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಆ ವರ್ಷದಿಂದ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು, ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಬರೆಯಬಹುದಿತ್ತು. ಪರೀಕ್ಷೆ-2ಕ್ಕೆ ರಜೆಯಲ್ಲೇ ಪಾಠ ಶುರು ಮಾಡಿದೆ. ಮೊದಲ ದಿನ ನಾಲ್ವರೂ ಬಂದರು. ಅವರಲ್ಲೊಬ್ಬಳು ಹುಡುಗಿ ಜನವರಿಯಲ್ಲಿ ಬರೆದ ಹಾಳೆಯೊಂದನ್ನು ಮಡಚಿ ತಂದಿದ್ದಳು. ವರ್ಗ ಸಮೀಕರಣದ ಮೂರನೆಯ ಹಂತದ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: 'ಇಲ್ಲಿ ಸಿಕ್ಕಿಕೊಂಡೆ.' 'ಸರ್, ಇಲ್ಲಿಂದ ಹೇಳಿಕೊಡಿ' ಎಂದಳು. ಅಲ್ಲಿಂದಲೇ ಶುರು ಮಾಡಿದೆವು.