ಹೊಲದವರನ್ನು ಕೇಳದೆ ಮೆಟಲ್ ಡಿಟೆಕ್ಟರ್ ಇಳಿಸುವುದಿಲ್ಲ

ಹುಬ್ಬಳ್ಳಿಯಲ್ಲಿ ಬಹಳ ವರ್ಷ ರೇಡಿಯೋ, ಟಿವಿ ದುರಸ್ತಿ ಮಾಡಿಕೊಂಡಿದ್ದ ನನಗೆ ಮೆಟಲ್ ಡಿಟೆಕ್ಟರ್ ಮೊದಲು ಒಂದು ಯಂತ್ರವೆಂದೇ ಇಷ್ಟವಾಯಿತು. ತಳದ ಕಾಯಿಲ್‌ನಿಂದ ಹೊರಡುವ ಕಾಂತಕ್ಷೇತ್ರವು ಮಣ್ಣಿನಲ್ಲಿರುವ ಲೋಹದೊಳಗೆ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದರ ಮಾರುತ್ತರ ಮತ್ತೆ ಕಾಯಿಲ್‌ಗೆ ಬಂದಾಗ ಕಿವಿಯಲ್ಲಿ ಸದ್ದಾಗುತ್ತದೆ. ಹೊಲದಲ್ಲಿ ಬಿದ್ದ ಉಂಗುರ, ಕಿವಿಯ ಬೆಂಡವಾಲಿ, ತಾಳಿಯ ಗುಂಡುಗಳನ್ನು ಹುಡುಕಿಕೊಡುವ ಹವ್ಯಾಸ ಅಂಟಿದ್ದು ಆಮೇಲೆ. ಇಷ್ಟು ದಿನಗಳಲ್ಲಿ ಯಂತ್ರ ಕಲಿಸಿದ್ದಕ್ಕಿಂತ ಹೆಚ್ಚಿನದನ್ನು ಹೊಲದ ಬದುವಿನ ಮೇಲೆ ನಿಂತು ಒಪ್ಪಿಗೆ ಕೇಳುವಾಗ ಕಲಿತಿದ್ದೇನೆ.

ಈ ಕೆಲಸದಲ್ಲಿ ಒಡವೆ ಕಳೆದುಕೊಂಡವರು ಒಬ್ಬರು, ಹೊಲ ಇನ್ನೊಬ್ಬರದು. ಹತ್ತಿ ಬಿಡಿಸಲು, ಕಸ ತೆಗೆಯಲು ಕೂಲಿಗೆ ಹೋದ ಹೆಣ್ಣುಮಕ್ಕಳ ಕಿವಿಯದು ಬೀಳುವುದು ಗೌಡರ ಹೊಲದಲ್ಲಿ. ಎಳ್ಳಮಾವಾಸ್ಯೆಯ ದಿನ ಚರಗ, ಅಂದರೆ ಭೂತಾಯಿಯ ಎಡೆ, ಚೆಲ್ಲಲು ಬೀಗರೊಡನೆ ಹೋದ ಸೊಸೆಯ ಉಂಗುರ ಜಾರುವುದು ಬೀಗರ ಜೋಳದಲ್ಲಿ. ಎರಿ, ಅಂದರೆ ಕಪ್ಪು ಮಣ್ಣಿನ, ಭೂಮಿಯ ಕಷ್ಟ ಬೇರೆ: ಹಿಂಗಾರಿ ಬೆಳೆ ಬಲಿಯುವ ಹೊತ್ತಿಗೆ ಮಣ್ಣು ಒಣಗಿ ಬಿರುಕು ಬಿಡುತ್ತದೆ, ಬಿದ್ದ ಉಂಗುರ ನೇರವಾಗಿ ಬಿರುಕಿನೊಳಗೆ ಇಳಿಯುತ್ತದೆ. ನನ್ನ ಯಂತ್ರಕ್ಕೆ ಉಂಗುರ ಕೇಳಿಸುವುದು ಹೆಚ್ಚೆಂದರೆ ಒಂದು ಗೇಣು ಆಳದವರೆಗೆ. ಆದ್ದರಿಂದ ರಾಶಿ ಮುಗಿದು ಕುಂಟಿ ಹೊಡೆಯುವುದರೊಳಗೆ ಸಿಗುವ ಕೆಲವೇ ದಿನಗಳಲ್ಲಿ ಹೊಲದವರ ಒಪ್ಪಿಗೆಯೂ ಸಿಗಬೇಕು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಹತ್ತಿ ಬಿಡಿಸುವಾಗ ಒಬ್ಬ ಹೆಣ್ಣುಮಗಳ ಬೆಂಡವಾಲಿ ಬಿದ್ದಿತ್ತು. ಹೊಲದಲ್ಲಿ ನಿಂತಿದ್ದವರನ್ನು ಕೇಳಿದೆ, ಅವರು 'ಹುಡುಕ್ರಿ, ಅದಕ್ಕೇನು' ಎಂದರು. ಅವರು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವವರೆಂದೂ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಣ್ಣತಮ್ಮಂದಿರು ಮೂವರ ಹೆಸರು ಇದೆಯೆಂದೂ ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಬದುವಿನ ತುಂಬ ಜನ ನೆರೆದರು. 'ನಿಧಿ ತಗ್ಯಾಕ ಬಂದಾರ' ಎಂಬ ಮಾತು ನನಗಿಂತ ಮುಂಚೆ ಊರು ಸೇರಿತ್ತು. ಯಂತ್ರವನ್ನು ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಇಡಿಸಿಕೊಂಡರು. ಧಾರವಾಡದಲ್ಲಿದ್ದ ಹಿರಿಯಣ್ಣನ ಫೋನು ಬಂದ ಮೇಲೆ, ಸಂಜೆಗೆ ಮರಳಿ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಬೆಂಡವಾಲಿ ಸಿಗಲಿಲ್ಲ. ನಾನು ಮತ್ತೆ ಹೋಗುವಷ್ಟರಲ್ಲಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿದಿತ್ತು.

ಜನರ ಸಂಶಯಕ್ಕೆ ಆಧಾರವಿಲ್ಲವೆಂದು ಹೇಳುವಂತಿಲ್ಲ. ಗದಗ ಜಿಲ್ಲೆಯ ಲಕ್ಕುಂಡಿ ಹಿಂದೆ ಲೊಕ್ಕಿಗುಂಡಿ ಎನಿಸಿಕೊಂಡು ಟಂಕಸಾಲೆಯಿಂದ ಹೆಸರಾದ ಊರು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಹೆಸರು ಬಂದದ್ದೇ ಅಲ್ಲಿಂದ. ಅಣ್ಣಿಗೇರಿ, ಡಂಬಳ, ಬಂಕಾಪುರ, ಗಳಗನಾಥದ ಸುತ್ತ ಗುಡಿ, ವೀರಗಲ್ಲು ಕಾಣದ ಸೀಮೆಯಿಲ್ಲ, ರಾತ್ರಿ ಬಂದು ಲಿಂಗದ ಬುಡ ಅಗೆದು ಹೋದವರ ಕಥೆಯಿಲ್ಲದ ಊರೂ ಇಲ್ಲ. ಅಂಥ ಸೀಮೆಯಲ್ಲಿ ಗುರುತಿಲ್ಲದವನೊಬ್ಬ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನೆಲ ಸವರಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಆದ್ದರಿಂದ ಈಗ ಮೊದಲ ಸಲ ಹೋಗುವಾಗ ಯಂತ್ರವನ್ನು ಒಯ್ಯುವುದೇ ಇಲ್ಲ. ಸರ್ವೆ ನಂಬರು ತಿಳಿದುಕೊಂಡು ಉತಾರದಲ್ಲಿ ಯಾರ ಯಾರ ಹೆಸರಿದೆ ಎಂದು ನೋಡುತ್ತೇನೆ. ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಸರ್ಕಾರದ 'ಭೂಮಿ' ತಂತ್ರಾಂಶ ಬಂದ ಮೇಲೆ ಇದು ಸುಲಭ. ಸಾಗು ಮಾಡುವವರು ಬೇರೆಯಾಗಿದ್ದರೆ ಇಬ್ಬರನ್ನೂ ಕೇಳುತ್ತೇನೆ: ಭೂಮಿ ಒಬ್ಬರದು, ಬೆಳೆ ಇನ್ನೊಬ್ಬರದು, ತುಳಿದರೆ ಹಾಳಾಗುವುದು ಬೆಳೆ. ಒಡವೆ ಕಳೆದುಕೊಂಡವರನ್ನು ಕಡ್ಡಾಯವಾಗಿ ಜೊತೆಗೆ ಕರೆದೊಯ್ಯುತ್ತೇನೆ. ಹೊತ್ತು ಮುಂಜಾನೆಯದಾಗಬಾರದು, ಆಗ ಮನೆಯವರೆಲ್ಲ ದನ, ಹಾಲು, ಬುತ್ತಿಯ ಗಡಿಬಿಡಿಯಲ್ಲಿರುತ್ತಾರೆ. ಸಂಜೆ ಕಟ್ಟೆಯ ಮೇಲೆ ಕುಳಿತಾಗ, ನಾಲ್ಕು ಮಂದಿ ಕೇಳುವಂತೆ ಮಾತಾಡುವುದು ಒಳ್ಳೆಯದು. ಗುಟ್ಟಾಗಿ ಕೇಳಿದ ಒಪ್ಪಿಗೆ ಈ ಕೆಲಸದಲ್ಲಿ ಒಪ್ಪಿಗೆಯೇ ಅಲ್ಲ.

ಮಾತಿನ ಕ್ರಮವನ್ನೂ ಬದಲಿಸಿದ್ದೇನೆ. ಮೊದಲೆಲ್ಲ ಯಂತ್ರದ ಗುಣಗಾನದಿಂದ ಆರಂಭಿಸುತ್ತಿದ್ದೆ, ಅದು ಸಂಶಯವನ್ನೇ ಹೆಚ್ಚಿಸುತ್ತಿತ್ತು. ಈಗ ಮಾಡದಿರುವುದನ್ನು ಮೊದಲು ಹೇಳುತ್ತೇನೆ: 'ಯಜಮಾನ್ರ, ಈ ಅಕ್ಕಾರ ಉಂಗುರ ಬಿದ್ದ ಸಾಲು ಬಿಟ್ಟು ಬ್ಯಾರೆ ಕಡೆ ಕಾಲಿಡೂದಿಲ್ಲ. ಗೇಣಿಗಿಂತ ಕೆಳಗ ಅಗಿಯೂದಿಲ್ಲ. ಕತ್ತಲಾದ ಮ್ಯಾಲೆ ಹೊಲದಾಗ ನಿಲ್ಲೂದಿಲ್ಲ. ನಿಮ್ಮ ಮನಿಯವರು ಒಬ್ಬರು ಮಗ್ಗಲಕ್ಕ ಇರಬೇಕು.' ಕೊನೆಯ ಮಾತಿನಿಂದ ಅರ್ಧ ಕೆಲಸವಾಗುತ್ತದೆ. ಮನೆಯ ಹುಡುಗನೊಬ್ಬನ ಕಿವಿಗೆ ಹೆಡ್‌ಫೋನು ಕೊಟ್ಟರೆ ಉಳಿದರ್ಧವೂ ಆಗುತ್ತದೆ.

ಬಳಿಕ ಒಂದು ಹಾಳೆಯ ಮೇಲೆ ಸರ್ವೆ ನಂಬರು, ತಾರೀಖು, ಹುಡುಕುವ ವಸ್ತು, ಅದು ಯಾರದು ಎಂಬುದನ್ನು ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತೇನೆ. ಹಳೆಯ ನಾಣ್ಯ, ವಿಗ್ರಹ, ಬಂಗಾರದ ಗಡಿಗೆ, ಏನೇ ತೋರಿದರೂ ಕೈ ಹಚ್ಚದೆ ಅಲ್ಲಿಯೇ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸತಕ್ಕದ್ದು ಎಂಬ ಸಾಲನ್ನು ತಪ್ಪದೆ ಸೇರಿಸುತ್ತೇನೆ. ನೆಲದಲ್ಲಿ ಸಿಕ್ಕ ನಿಧಿಗೆ ನಮ್ಮ ರಾಜ್ಯದಲ್ಲಿ 1962ರದೇ ಕಾಯ್ದೆಯಿದೆ, 100 ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಹೊಲದವರ ಒಪ್ಪಿಗೆ ಇವನ್ನು ಮೀರುವಷ್ಟು ದೊಡ್ಡದಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಈ ಗಡಿಯನ್ನು ಕಟ್ಟಡ ಮತ್ತು ಗಣಿಗಾರಿಕೆಗಾಗಿ ಹಾಕಿದ್ದರೂ ಅದರೊಳಗೆ ಹೊಲದವರೇ ಕರೆದರೂ ನಾನು ಹೋಗುವುದಿಲ್ಲ. ಲಕ್ಕುಂಡಿಯ ಕಡೆಯವರೊಬ್ಬರು ಇದರಿಂದ ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಲಿ.

ಹಣದ ವಿಷಯವೂ ಬರುತ್ತದೆ. 'ನಮ್ಮ ಹೊಲದಾಗ ಸಿಕ್ಕಿದ್ದು ನಮ್ದು' ಎನ್ನುವವರು ಇದ್ದಾರೆ. ಕಳೆದುಕೊಂಡವರು ಬಿದ್ದ ದಿನ, ಬಿದ್ದ ಸಾಲು, ಒಡವೆಯ ಗುರುತನ್ನು ಮೊದಲೇ ಹಾಳೆಯಲ್ಲಿ ಬರೆಸಿದ್ದರೆ ಆ ಜಗಳ ಹುಟ್ಟುವುದಿಲ್ಲ. ನಾನು ಬಸ್ಸಿನ ಖರ್ಚು ಮತ್ತು ಚಹಾ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುವುದಿಲ್ಲ, ಸಿಕ್ಕಿದ್ದರಲ್ಲಿ ಪಾಲು ಕೇಳುವವನ ಮಾತನ್ನು ಹಳ್ಳಿಯವರು ನಂಬುವುದಿಲ್ಲ. ಎತ್ತಿನ ಲಾಳ, ನಟ್ಟು ಬೋಲ್ಟು, ಔಷಧ ಬಾಟಲಿಯ ಸೀಲು, ಏನು ಸಿಕ್ಕರೂ ಬದುವಿನ ಮೇಲೆ ಸಾಲಾಗಿ ಇಟ್ಟು ತೋರಿಸುತ್ತೇನೆ. ಒಮ್ಮೆ 1944ರ, ಅಂದರೆ ಇನ್ನೂ 100 ವರ್ಷ ದಾಟದ, ತೂತಿನ ದುಡ್ಡು ಸಿಕ್ಕಿತು. ಅದನ್ನು ಹೊಲದ ಅಜ್ಜಾರ ಅಂಗೈಗೆ ಹಾಕಿದಾಗ ಅವರು ಅಂಥದ್ದಕ್ಕೆ ಏನೇನು ಬರುತ್ತಿತ್ತೆಂದು ಹೇಳುತ್ತ ಕುಳಿತರು, ಆ ದಿನ ಹುಡುಕಾಟ ಅಲ್ಲಿಗೇ ನಿಂತಿತು.

'ಬ್ಯಾಡ' ಎಂದವರನ್ನು ನಾನು ಎರಡನೆಯ ಸಲ ಕೇಳುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ವಾಟ್ನಿ, ಅಂದರೆ ಪಾಲು, ಮುಗಿಯದ ಹೊಲ, ಕೋರ್ಟಿನಲ್ಲಿರುವ ಹೊಲ, ಹಿರಿಯರನ್ನು ಮಣ್ಣು ಮಾಡಿದ ಹೊಲ, ಯಾವುದೂ ಆಗಿರಬಹುದು.

ಈ ವರ್ಷ ಹಾವೇರಿ ತಾಲೂಕಿನ ಒಬ್ಬ ಅಜ್ಜಿ ಕಡಲೆ ಹೊಲಕ್ಕೆ ಒಪ್ಪಿಗೆ ಕೊಟ್ಟರು, ಆದರೆ ಬನ್ನಿ ಗಿಡದ ಬುಡದಲ್ಲಿರುವ ಹೊಲದ ದೇವರ ಸುತ್ತ ಐದು ಹೆಜ್ಜೆ ಬಿಡಬೇಕೆಂದರು. ನಾನು ಸುಣ್ಣದ ಗೆರೆ ಹಾಕಿದೆ. ಮೊಮ್ಮಗನ ಉಂಗುರ ಹುಡುಕುತ್ತ ಬಂದಾಗ ಯಂತ್ರ ಕೂಗಿದ್ದು ಸರಿಯಾಗಿ ಆ ಗೆರೆಯ ಮೇಲೆ, ಸದ್ದಿನ ನಡು ಇದ್ದದ್ದು ಒಂದು ಚೋಟು ಒಳಗೆ. ಕಾಯಿಲ್ ಹಿಂದಕ್ಕೆ ಎಳೆದುಕೊಂಡು ಅಜ್ಜಿಯ ಮುಖ ನೋಡಿದೆ. ಅವರು ಕಲ್ಲಿಗೆ ಕೈ ಮುಗಿದು, ತಾವೇ ಕುರಪಿ ತೆಗೆದುಕೊಂಡು ಕೆದರಿದರು. ಬಂದದ್ದು ಮಾತ್ರೆಯ ಖಾಲಿ ಪಟ್ಟಿ. ತೆಳು ಅಲ್ಯೂಮಿನಿಯಮ್ಮಿನ ಸದ್ದು ಉಂಗುರದ ಸದ್ದಿನಂತೆಯೇ ಇರುತ್ತದೆ. 'ಇದು ನಮ್ಮ ಮುದುಕನ ಬಿಪಿ ಗುಳಿಗಿ' ಎಂದು ನಕ್ಕರು. ಹೊತ್ತು ಮುಳುಗುವವರೆಗೂ ಉಂಗುರ ಸಿಗಲಿಲ್ಲ. ಕಡಲೆ ಕಿತ್ತ ಮೇಲೆ, ಕುಂಟಿ ಹೊಡೆಯುವ ಮುಂಚೆ, ಫೋನು ಮಾಡಿಸುತ್ತೇನೆಂದು ಹೇಳಿದ್ದಾರೆ. ಆ ಹಾಳೆಯನ್ನು ಹರಿಯದೆ ಇಟ್ಟುಕೊಂಡಿದ್ದೇನೆ.